ಈ ಪುಟ ಇಲ್ಲಿ ಯಾಕೆ ತೆರೆಯುತ್ತಿಲ್ಲ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ್ದು. ಆಫೀಸು, ಕಾಲೇಜು, ಆಸ್ಪತ್ರೆ, ಗ್ರಂಥಾಲಯ, ಎಲ್ಲಿ ಕೂತರೂ ಕೆಲವು ವೆಬ್‌ಸೈಟ್ ತೆರೆಯುವುದಿಲ್ಲ. ಯಾರು ತಡೆಯುತ್ತಾರೆ, ಹೇಗೆ ತಡೆಯುತ್ತಾರೆ, ನಮ್ಮದು ಏನೇನು ಅವರಿಗೆ ಕಾಣುತ್ತದೆ ಅನ್ನುವುದೇ ಎಲ್ಲರ ಪ್ರಶ್ನೆ. ಈ ಅಂಕಣ ಶುರು ಮಾಡುವುದಕ್ಕೆ ಮುಂಚೆ ನಾನು ಹಲವು ವರ್ಷ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸದಲ್ಲೇ ಇದ್ದವನು. ಬ್ಲಾಕ್ ಪಟ್ಟಿಗೆ ಹೆಸರು ಸೇರಿಸುತ್ತಿದ್ದವನೂ ನಾನೇ, ತೆಗೆಯುತ್ತಿದ್ದವನೂ ನಾನೇ. ಹಾಗಾಗಿ ಈ ಸಲ ಪೂರ್ತಿ ಪುಟ ಇದಕ್ಕೇ ಕೊಡುತ್ತಿದ್ದೇನೆ.

ಪ್ರಶ್ನೆ: ಆಫೀಸಿನಲ್ಲಿ ಇನ್‌ಕಾಗ್ನಿಟೊ ವಿಂಡೊದಲ್ಲಿ ಹೋದರೂ ಸೈಟ್ ಬ್ಲಾಕ್ ಆಗಿದೆ ಅಂತ ಬರುತ್ತದೆ. ಹಿಸ್ಟರಿಯೇ ಉಳಿಯದಿದ್ದರೆ ಅವರಿಗೆ ಹೇಗೆ ಗೊತ್ತಾಗುತ್ತದೆ ಸರ್?

ಇನ್‌ಕಾಗ್ನಿಟೊ ಮಾಡುವುದು ಒಂದೇ ಕೆಲಸ. ನೀವು ನೋಡಿದ್ದರ ಗುರುತು ನಿಮ್ಮ ಕಂಪ್ಯೂಟರಿನಲ್ಲಿ ಉಳಿಯದ ಹಾಗೆ ನೋಡಿಕೊಳ್ಳುತ್ತದೆ. ಕಂಪ್ಯೂಟರಿನಿಂದ ಹೊರಗೆ ಹೊರಟ ಮೇಲೆ ಅದರ ಕೈಲಿ ಏನೂ ಇಲ್ಲ. ಫಿಲ್ಟರ್ ಕೂತಿರುವುದು ಆ ಹೊರಗಿನ ದಾರಿಯಲ್ಲಿ.

ನೀವು ವಿಳಾಸ ಟೈಪ್ ಮಾಡಿ ಎಂಟರ್ ಒತ್ತಿದ ಕೂಡಲೇ ಮೊದಲು ಆಗುವುದು ಡಿಎನ್ಎಸ್ ವಿಚಾರಣೆ. 'ಈ ಹೆಸರಿನ ಸೈಟಿನ ಐಪಿ ನಂಬರ್ ಏನು' ಅಂತ ನಿಮ್ಮ ಕಂಪ್ಯೂಟರ್ ಕೇಳುತ್ತದೆ. ಇವತ್ತಿಗೂ ನಡೆಯುತ್ತಿರುವ ಈ ಪದ್ಧತಿಯ ನಿಯಮಗಳು 1987ರಲ್ಲಿ ಬರೆದವು. ಆಗ ಗುಟ್ಟು ಮಾಡುವ ಯೋಚನೆಯೇ ಇರಲಿಲ್ಲ, ಹಾಗಾಗಿ ಪ್ರಶ್ನೆ ಬಿಚ್ಚು ಕಾಗದದಂತೆ ಹೋಗುತ್ತದೆ. ಆಫೀಸಿನ ಡಿಎನ್ಎಸ್ ಸರ್ವರ್ ಆ ಹೆಸರನ್ನು ತನ್ನ ಪಟ್ಟಿಯಲ್ಲಿ ನೋಡುತ್ತದೆ. ಬೇಡದ ಹೆಸರಾದರೆ 'ಅಂಥ ಹೆಸರೇ ಇಲ್ಲ' ಅನ್ನುತ್ತದೆ, ಇಲ್ಲವೇ ಬ್ಲಾಕ್ ಪುಟದ ನಂಬರ್ ಕೊಟ್ಟುಬಿಡುತ್ತದೆ. ಇದು ಎಲ್ಲಕ್ಕಿಂತ ಅಗ್ಗದ, ಸುಲಭದ ಫಿಲ್ಟರ್. ಆದರೆ ಇದು ನೋಡುವುದು ಹೆಸರು ಮಾತ್ರ. ಒಂದು ಸೈಟಿನ ಒಂದೇ ಪುಟ ತಡೆದು ಉಳಿದದ್ದು ಬಿಡು ಅಂದರೆ ಇದಕ್ಕೆ ಆಗುವುದಿಲ್ಲ.

ಎರಡನೆಯದು ಫೈರ್‌ವಾಲ್, ಅಂದರೆ ಒಳಗೆ ಹೊರಗೆ ಹೋಗುವ ಟ್ರಾಫಿಕ್ ಕಾಯುವ ಪೆಟ್ಟಿಗೆ, ಹಿಡಿಯುವ ಜಾಗ. ನಿಮ್ಮ ಬ್ರೌಸರ್ ಸೈಟಿನ ಜೊತೆ ಗುಪ್ತ ಸಂಪರ್ಕ ಕಟ್ಟಿಕೊಳ್ಳುವ ಮುಂಚೆ ಒಂದು ನಮಸ್ಕಾರದ ಸಂದೇಶ ಕಳಿಸುತ್ತದೆ. ಅದರಲ್ಲಿ 'ನನಗೆ ಈ ಸೈಟ್ ಬೇಕು' ಅಂತ ಹೆಸರು ಬರೆದಿರುತ್ತದೆ, ಎಸ್ಎನ್ಐ ಅನ್ನುತ್ತಾರೆ. ಒಂದೇ ಸರ್ವರಿನಲ್ಲಿ ನೂರಾರು ಸೈಟ್ ಇರುವಾಗ ಯಾವುದರ ಸರ್ಟಿಫಿಕೇಟ್ (ಸೈಟಿನ ಗುರುತಿನ ಚೀಟಿ) ತೋರಿಸಬೇಕು ಅಂತ ಅದಕ್ಕೆ ಗೊತ್ತಾಗಬೇಕಲ್ಲ, ಅದಕ್ಕೇ ಈ ವ್ಯವಸ್ಥೆ. ಗುಪ್ತ ಸಂಪರ್ಕ ಕಟ್ಟುವ ನಿಯಮದ 2018ರಲ್ಲಿ ಬಂದ ಆವೃತ್ತಿ, ಟಿಎಲ್ಎಸ್ 1.3, ಸರ್ಟಿಫಿಕೇಟನ್ನು ಮುಚ್ಚಿತು, ಈ ಹೆಸರನ್ನು ಮುಚ್ಚಲಿಲ್ಲ. ಇದನ್ನೂ ಮುಚ್ಚುವ ಇಸಿಎಚ್ ಅನ್ನುವ ಹೊಸ ವಿಧಾನ ಬಂದಿದೆ, ಆದರೆ ಎಲ್ಲ ಸೈಟೂ ಅದಕ್ಕೆ ಬಂದಿಲ್ಲ.

ಮೂರನೆಯದು ಐಪಿ ನಂಬರನ್ನೇ ತಡೆಯುವುದು. ಇದು ಒರಟು ಕೆಲಸ. ಒಂದೇ ನಂಬರಿನ ಹಿಂದೆ ಒಂದಕ್ಕೊಂದು ಸಂಬಂಧವೇ ಇಲ್ಲದ ಸಾವಿರಾರು ಸೈಟ್ ಇರಬಹುದು, ಒಂದಕ್ಕೆ ಬಿದ್ದ ಏಟು ಎಲ್ಲಕ್ಕೂ ಬೀಳುತ್ತದೆ.

ಹಾಗಾದರೆ ಅವರಿಗೆ ಕಾಣುವುದೆಷ್ಟು? ಇಷ್ಟೇ ಮಾಡುತ್ತಿದ್ದರೆ ಸೈಟಿನ ಹೆಸರು, ಹೋದ ಹೊತ್ತು, ಎಷ್ಟು ಡೇಟಾ ಓಡಾಡಿತು, ಯಾವ ಕಂಪ್ಯೂಟರ್. ಆರೋಗ್ಯದ ಸೈಟಿಗೆ ಹೋದಿರಿ ಅಂತ ಗೊತ್ತಾಗುತ್ತದೆ, ಯಾವ ಕಾಯಿಲೆ ಬಗ್ಗೆ ಓದಿದಿರಿ ಅಂತ ಗೊತ್ತಾಗುವುದಿಲ್ಲ. ಅದೂ ಗೊತ್ತಾಗುವ ಇನ್ನೊಂದು ವಿಧಾನ ಇದೆ. ಮುಂದಿನ ಪ್ರಶ್ನೆ ಅದರದ್ದೇ.

ಪ್ರಶ್ನೆ: ಬೀಗದ ಗುರುತು ಇದ್ದರೆ ಯಾರೂ ಓದಲಾರರು ಅಂತ ಕೇಳಿದ್ದೆ. ಆದರೆ ನಮ್ಮ ಐಟಿಯವರು 'ಎಲ್ಲ ಟ್ರಾಫಿಕ್ ಸ್ಕ್ಯಾನ್ ಆಗುತ್ತದೆ' ಅಂತ ಮೇಲ್ ಕಳಿಸಿದ್ದಾರೆ. ಎರಡೂ ನಿಜ ಆಗುವುದು ಹೇಗೆ? ಆಫೀಸ್ ಕಂಪ್ಯೂಟರಿನಲ್ಲಿ ಬ್ಯಾಂಕ್ ಸೈಟ್ ತೆರೆಯಬಹುದಾ?

ಎರಡೂ ನಿಜ. ಬೀಗದ ಗುರುತು ಹೇಳುವುದು ಇಷ್ಟು: ನಿಮ್ಮ ಬ್ರೌಸರ್ ಮತ್ತು ಅದರ ಎದುರು ನಿಂತವರ ನಡುವೆ ಮಾತು ಗುಪ್ತವಾಗಿದೆ, ಎದುರಿನವರ ಸರ್ಟಿಫಿಕೇಟನ್ನು ನಿಮ್ಮ ಕಂಪ್ಯೂಟರ್ ನಂಬುತ್ತದೆ. ಆಫೀಸಿನ ಕಂಪ್ಯೂಟರಿಗೆ ಯಾರನ್ನು ನಂಬಬೇಕು ಅಂತ ಹೇಳಿಕೊಡುವುದು ಆಫೀಸು. ಅಲ್ಲೇ ಇರುವುದು ವಿಷಯ.

ಸಂಸ್ಥೆ ತನ್ನದೇ ಒಂದು ರೂಟ್ ಸರ್ಟಿಫಿಕೇಟ್ (ಬೇರೆ ಸರ್ಟಿಫಿಕೇಟುಗಳಿಗೆ ರುಜು ಹಾಕುವ ಮೂಲ ಸರ್ಟಿಫಿಕೇಟ್) ಮಾಡಿಕೊಂಡು ಎಲ್ಲ ಕಂಪ್ಯೂಟರಿಗೂ ಹಾಕಿರುತ್ತದೆ. ನೀವು ಬ್ಯಾಂಕ್ ಸೈಟಿಗೆ ಹೊರಟರೆ ಪ್ರಾಕ್ಸಿ ಅನ್ನುವ ನಡುವಿನ ಸರ್ವರ್ ನಿಮ್ಮನ್ನು ತಡೆದು ನಿಲ್ಲಿಸಿ, ಬ್ಯಾಂಕಿನ ಹೆಸರಿನಲ್ಲಿ ಆ ಕ್ಷಣಕ್ಕೆ ಒಂದು ಸರ್ಟಿಫಿಕೇಟ್ ತಯಾರಿಸಿ ನಿಮಗೆ ತೋರಿಸುತ್ತದೆ, ಆ ಕಡೆ ತಾನೇ ಗಿರಾಕಿಯಾಗಿ ನಿಜವಾದ ಬ್ಯಾಂಕಿನ ಜೊತೆ ಇನ್ನೊಂದು ಸಂಪರ್ಕ ಕಟ್ಟುತ್ತದೆ. ಈ ಕಡೆಯದೂ ಗುಪ್ತ, ಆ ಕಡೆಯದೂ ಗುಪ್ತ, ಮಧ್ಯದ ಪೆಟ್ಟಿಗೆಯೊಳಗೆ ಎಲ್ಲ ಬಿಚ್ಚಿರುತ್ತದೆ. ಪುಟದ ಪೂರ್ತಿ ವಿಳಾಸ, ಪುಟದ ಬರಹ, ನೀವು ತುಂಬಿದ ಫಾರಂ, ಪಾಸ್‌ವರ್ಡ್ ಕೂಡ ಆ ಪೆಟ್ಟಿಗೆ ದಾಟಿಯೇ ಹೋಗುತ್ತದೆ.

ನಿಮ್ಮಲ್ಲಿ ಹೀಗಾಗುತ್ತಿದೆಯಾ ಅಂತ ಒಂದು ನಿಮಿಷದಲ್ಲಿ ನೋಡಬಹುದು. ಕ್ರೋಮ್‌ನಲ್ಲಿ 2023ರಿಂದ ಬೀಗದ ಚಿತ್ರ ತೆಗೆದು ಎರಡು ಗೆರೆ, ಎರಡು ಚುಕ್ಕೆಯ ಗುರುತು ಇಟ್ಟಿದ್ದಾರೆ. ವಿಳಾಸದ ಎಡಕ್ಕಿರುವ ಅದನ್ನು ಒತ್ತಿ. ಸಂಪರ್ಕ ಸುರಕ್ಷಿತ ಅನ್ನುವ ಸಾಲು ಬರುತ್ತದೆ, ಅದನ್ನು ಒತ್ತಿದರೆ ಸರ್ಟಿಫಿಕೇಟ್ ತೋರಿಸುತ್ತದೆ. ಅದರಲ್ಲಿ 'ಇಶ್ಯೂಡ್ ಬೈ' ಅನ್ನುವ ಕಡೆ ಯಾರ ಹೆಸರಿದೆ ಓದಿ. ಡಿಜಿಸರ್ಟ್, ಲೆಟ್ಸ್ ಎನ್‌ಕ್ರಿಪ್ಟ್, ಸೆಕ್ಟಿಗೊ ಇಂಥ ಹೆಸರಿದ್ದರೆ ಅದು ಸೈಟಿನ ಸ್ವಂತ ಸರ್ಟಿಫಿಕೇಟ್. ನಿಮ್ಮ ಸಂಸ್ಥೆಯ ಹೆಸರೋ ಫೈರ್‌ವಾಲ್ ಕಂಪನಿಯ ಹೆಸರೋ ಇದ್ದರೆ ನಡುವೆ ಪ್ರಾಕ್ಸಿ ಬಿಚ್ಚಿ ನೋಡುತ್ತಿದೆ. ಕೆಲವು ಆಂಟಿವೈರಸ್ ಕೂಡ ಹೀಗೇ ಮಾಡುತ್ತವೆ, ಅದರ ಹೆಸರು ಕಂಡರೆ ಗಾಬರಿ ಬೇಡ. ಮನೆಯಲ್ಲಿ ಅದೇ ಸೈಟ್ ತೆರೆದು ಎರಡನ್ನೂ ಹೋಲಿಸಿದರೆ ಇನ್ನೂ ಸ್ಪಷ್ಟವಾಗುತ್ತದೆ.

ಒಳ್ಳೆಯ ಸಂಸ್ಥೆಗಳು ಬ್ಯಾಂಕ್ ಮತ್ತು ಆರೋಗ್ಯದ ಸೈಟುಗಳನ್ನು ಬಿಚ್ಚದೆ ಹಾಗೇ ಬಿಡುತ್ತವೆ, ಫೈರ್‌ವಾಲ್‌ಗಳಲ್ಲಿ ಅದಕ್ಕೆ ಸೌಲಭ್ಯವೇ ಇದೆ. ನಿಮ್ಮಲ್ಲಿ ಬಿಟ್ಟಿದ್ದಾರಾ ಅಂತ ಮೇಲೆ ಹೇಳಿದ ಹಾಗೆ ಬ್ಯಾಂಕ್ ಸೈಟನ್ನೇ ತೆರೆದು ನೋಡಿ. ಬಿಚ್ಚುತ್ತಿದ್ದರೆ ಬ್ಯಾಂಕ್ ಕೆಲಸ ನಿಮ್ಮ ಫೋನಿನಲ್ಲಿ, ನಿಮ್ಮ ಸ್ವಂತ ಡೇಟಾದಲ್ಲಿ ಮಾಡಿಕೊಳ್ಳಿ.

ಬಿಚ್ಚಿ ನೋಡುವುದನ್ನು ಎಲ್ಲ ಕಡೆ ಹಾಕಲೇಬೇಕು ಅನ್ನುವವರ ಮಾತು ನನಗೆ ಒಪ್ಪಿಗೆ ಇಲ್ಲ. ವೈರಸ್ ಹಿಡಿಯಲು ಅದು ಸಹಾಯ ಮಾಡುತ್ತದೆ, ಸುಳ್ಳಲ್ಲ. ಆದರೆ ಪ್ರಾಕ್ಸಿ ಆ ಕಡೆಯ ಸರ್ಟಿಫಿಕೇಟನ್ನು ಸರಿಯಾಗಿ ಪರೀಕ್ಷಿಸದಿದ್ದರೆ ಸಂಸ್ಥೆಯ ಎಲ್ಲರ ಸುರಕ್ಷತೆಯೂ ಒಟ್ಟಿಗೇ ಕೆಳಗಿಳಿಯುತ್ತದೆ. 2017ರ ಮಾರ್ಚ್‌ನಲ್ಲಿ ಅಮೆರಿಕದ ಸೈಬರ್ ತುರ್ತು ತಂಡ ಯುಎಸ್-ಸಿಇಆರ್‌ಟಿ ಇದೇ ಎಚ್ಚರಿಕೆ ಕೊಟ್ಟಿತ್ತು. 2015ರಲ್ಲಿ ಲೆನೊವೊ ಲ್ಯಾಪ್‌ಟಾಪ್‌ಗಳಲ್ಲಿ ಇದೆ ಅಂತ ಬಯಲಾದ ಸೂಪರ್‌ಫಿಶ್ ನೆನಪಿದೆಯಾ? ಅದು ಜಾಹೀರಾತಿನ ತಂತ್ರಾಂಶ, ಫಿಲ್ಟರ್ ಅಲ್ಲ. ಆದರೆ ಮಾಡಿದ್ದು ಇದೇ ಕೆಲಸ. ಎಲ್ಲ ಯಂತ್ರಗಳಿಗೂ ಒಂದೇ ರೂಟ್ ಸರ್ಟಿಫಿಕೇಟ್, ಅದರ ರುಜು ಹಾಕುವ ಒಂದೇ ಗುಪ್ತ ಕೀ. ಆ ಕೀ ಹೊರಗೆ ಬಂದ ಮೇಲೆ ಯಾರು ಬೇಕಾದರೂ ಬ್ಯಾಂಕಿನ ವೇಷ ಹಾಕಬಹುದಿತ್ತು. ರೂಟ್ ಸರ್ಟಿಫಿಕೇಟಿನ ಕೀ ಅಂದರೆ ಅಷ್ಟು ದೊಡ್ಡ ಜವಾಬ್ದಾರಿ.

ಪ್ರಶ್ನೆ: ಕಾಲೇಜು ಕೊಟ್ಟ ಸರ್ಟಿಫಿಕೇಟ್ ಫೋನಿಗೆ ಹಾಕಿಕೊಂಡೆ. ಬ್ರೌಸರ್ ಓಡುತ್ತದೆ, ಎಷ್ಟೋ ಆ್ಯಪ್ ಓಡುವುದೇ ಇಲ್ಲ.

ಆಂಡ್ರಾಯ್ಡ್ 7ರಿಂದ ಈಚೆಗೆ ಆ್ಯಪ್‌ಗಳು ಬಳಕೆದಾರರು ಸೇರಿಸಿದ ಸರ್ಟಿಫಿಕೇಟನ್ನು ತಾವಾಗಿ ನಂಬುವುದಿಲ್ಲ. ಬ್ಯಾಂಕ್ ಆ್ಯಪ್‌ಗಳಂತೂ ತಮ್ಮ ಸರ್ವರಿನ ಸರ್ಟಿಫಿಕೇಟ್ ಇಂಥದ್ದೇ ಇರಬೇಕು ಅಂತ ಒಳಗೇ ಬರೆದುಕೊಂಡಿರುತ್ತವೆ. ನಡುವೆ ಯಾರೋ ಇದ್ದಾರೆ ಅಂತ ಅದಕ್ಕೆ ಗೊತ್ತಾಗಿ ಬಾಗಿಲು ಹಾಕಿಕೊಳ್ಳುತ್ತದೆ. ಆ್ಯಪ್ ಕೆಟ್ಟಿಲ್ಲ, ಮಾಡಬೇಕಾದ್ದನ್ನೇ ಮಾಡುತ್ತಿದೆ. ನನ್ನ ಮಾತು ಕೇಳಿದರೆ, ಸ್ವಂತ ಫೋನಿಗೆ ಬೇರೆಯವರ ರೂಟ್ ಸರ್ಟಿಫಿಕೇಟ್ ಹಾಕಬೇಡಿ. ಕಾಲೇಜು ಬಿಡುವಾಗ ಅದನ್ನು ಸೆಟ್ಟಿಂಗ್ಸ್‌ನಿಂದ ತೆಗೆಯುವುದನ್ನಂತೂ ಮರೆಯಬೇಡಿ.

ಪ್ರಶ್ನೆ: ಕೆಲವೊಮ್ಮೆ 403 ಅಂತ ಬರುತ್ತದೆ, ಒಂದು ಸಲ 451 ಬಂತು. ಎರಡೂ ಬ್ಲಾಕ್ ತಾನೇ?

403 ಅಂದರೆ ಸುಮ್ನೆ 'ನಿಮಗೆ ಅನುಮತಿ ಇಲ್ಲ'. 451 ಅಂದರೆ ಕಾನೂನಿನ ಕಾರಣಕ್ಕೆ ತಡೆದಿದ್ದೇವೆ ಅಂತ, 2016ರಲ್ಲಿ ಅಧಿಕೃತವಾಗಿ ಸೇರಿಸಿದ ಸಂಖ್ಯೆ. ನಿಮ್ಮ ಆಫೀಸ್ ಫಿಲ್ಟರಿಗೂ 451ಕ್ಕೂ ಸಾಮಾನ್ಯವಾಗಿ ಸಂಬಂಧ ಇರುವುದಿಲ್ಲ.

ಪ್ರಶ್ನೆ: ನಾನು ಆಸ್ಪತ್ರೆಯಲ್ಲಿ ನರ್ಸ್. ಸ್ತನ ಕ್ಯಾನ್ಸರ್ ರೋಗಿಗಳಿಗೆ ಮಾಹಿತಿ ಕೊಡೋಣ ಅಂದರೆ ಆ ಪುಟಗಳೇ 'ಅಶ್ಲೀಲ' ಅಂತ ಬ್ಲಾಕ್. ಐಟಿಯವರನ್ನು ಕೇಳಲು ಮುಜುಗರ. ಯಂತ್ರಕ್ಕೆ ಇಷ್ಟೂ ತಿಳಿಯುವುದಿಲ್ಲವಾ ಸರ್?

ಮುಜುಗರ ಪಡಬೇಕಾದವರು ನೀವಲ್ಲ ಸಿಸ್ಟರ್. ದಯವಿಟ್ಟು ಇವತ್ತೇ ಕೇಳಿ. ಹೇಗೆ ಕೇಳಬೇಕು ಅಂತ ಕೆಳಗೆ ಹೇಳುತ್ತೇನೆ.

ಮೊದಲು ಇದು ಹೇಗಾಗುತ್ತದೆ ನೋಡಿ. ನಿಮ್ಮ ಆಸ್ಪತ್ರೆಯ ಐಟಿಯವರು ಕೂತು ಒಂದೊಂದೇ ಸೈಟ್ ನೋಡಿ ಬ್ಲಾಕ್ ಮಾಡಿರುವುದಿಲ್ಲ. ಅವರು ಫಿಲ್ಟರ್ ಮಾರುವ ಕಂಪನಿಯಿಂದ ಕೆಟಗರಿ ಪಟ್ಟಿ ಕೊಂಡಿರುತ್ತಾರೆ. ಜೂಜು, ಅಶ್ಲೀಲ, ಆಟ, ಸುದ್ದಿ, ಆರೋಗ್ಯ, ಹೊಸದಾಗಿ ನೋಂದಾಯಿಸಿದ ಸೈಟು, ಹೀಗೆ ಹತ್ತಾರು ಕೆಟಗರಿ. ವೆಬ್‌ನಲ್ಲಿರುವ ಸೈಟುಗಳನ್ನು ಬಹುಪಾಲು ತಂತ್ರಾಂಶವೇ ಓದಿ ಈ ಗೂಡುಗಳಿಗೆ ಹಾಕುತ್ತದೆ, ಸ್ವಲ್ಪ ಭಾಗವನ್ನು ಮನುಷ್ಯರು ತಿದ್ದುತ್ತಾರೆ. ನಿಮ್ಮ ಐಟಿಯವರು ಕೆಟಗರಿಗಳ ಮುಂದೆ ಟಿಕ್ ಹಾಕಿರುತ್ತಾರೆ, ಅಷ್ಟೇ. ಕಂಪನಿಯವರು ಒಂದು ಸೈಟನ್ನು ತಪ್ಪು ಗೂಡಿಗೆ ಹಾಕಿದರೆ ಆ ಪಟ್ಟಿ ಕೊಂಡ ಎಲ್ಲ ಸಂಸ್ಥೆಗಳಲ್ಲೂ ಅದು ಒಂದೇ ಸಲಕ್ಕೆ ಮಾಯವಾಗುತ್ತದೆ.

ಹಳೆಯ ಫಿಲ್ಟರ್‌ಗಳು ಬರೀ ಪದ ಹುಡುಕುತ್ತಿದ್ದವು. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಊರಿನವರಿಗೆ ಎಒಎಲ್ ಅನ್ನುವ ಇಂಟರ್ನೆಟ್ ಕಂಪನಿಯಲ್ಲಿ ಖಾತೆ ತೆರೆಯಲು ಆಗಲಿಲ್ಲ. ಊರಿನ ಹೆಸರಿನ ಇಂಗ್ಲಿಷ್ ಅಕ್ಷರಗಳ ನಡುವೆ ಒಂದು ಬೈಗುಳದ ಪದ ಅಡಗಿತ್ತು! ಇಂಥ ತಪ್ಪಿಗೆ ಇಂದಿಗೂ ಆ ಊರಿನ ಹೆಸರೇ ನಿಂತಿದೆ. ಈಗಿನವು ಇದಕ್ಕಿಂತ ಜಾಣವೇ. ಆದರೂ 2020ರ ಏಪ್ರಿಲ್‌ನಲ್ಲಿ ಕ್ಲೌಡ್‌ಫ್ಲೇರ್ ಅನ್ನುವ ದೊಡ್ಡ ಇಂಟರ್ನೆಟ್ ಕಂಪನಿ ಕುಟುಂಬಗಳಿಗಾಗಿ 1.1.1.3 ಅನ್ನುವ ಫಿಲ್ಟರ್ ಡಿಎನ್ಎಸ್ ಬಿಟ್ಟಾಗ ಸಲಿಂಗಿ ಮತ್ತು ಲಿಂಗತ್ವ ಅಲ್ಪಸಂಖ್ಯಾತರ ಎಷ್ಟೋ ಸೈಟುಗಳು ಅಶ್ಲೀಲದ ಜೊತೆ ಬ್ಲಾಕ್ ಆದವು. ಯಾವ ಕೆಟಗರಿ ಪಟ್ಟಿ ತಗೋಬೇಕು ಅನ್ನುವಲ್ಲಿ ಆದ ತಪ್ಪು. ಕಂಪನಿ ಕ್ಷಮೆ ಕೇಳಿ ಬೇಗ ಸರಿಮಾಡಿತು. ಅಷ್ಟು ದೊಡ್ಡವರಿಗೇ ಹೀಗಾಗುವಾಗ ಸಣ್ಣ ಆಸ್ಪತ್ರೆಯಲ್ಲಿ ಆಗುವುದರಲ್ಲಿ ಆಶ್ಚರ್ಯ ಇಲ್ಲ.

ನನ್ನ ಕೈಯಲ್ಲೇ ಆದದ್ದೊಂದು ಹೇಳುತ್ತೇನೆ. ಒಂದು ವಿದ್ಯಾರ್ಥಿ ಹಾಸ್ಟೆಲ್‌ನ ನೆಟ್‌ವರ್ಕ್ ನಾನು ನೋಡಿಕೊಳ್ಳುತ್ತಿದ್ದ ಕಾಲ. ಕೆಟಗರಿ ಪಟ್ಟಿಯಲ್ಲಿ 'ಆತ್ಮಹತ್ಯೆ, ಸ್ವಯಂ ಹಾನಿ' ಅಂತ ಒಂದಿತ್ತು. ಬ್ಲಾಕ್ ಮಾಡುವುದೇ ಒಳ್ಳೆಯದು ಅಂತ ಟಿಕ್ ಹಾಕಿದ್ದೆ, ಎರಡನೇ ಸಲ ಯೋಚನೆ ಮಾಡಿರಲಿಲ್ಲ. ಒಂದು ಬೆಳಿಗ್ಗೆ ಬೇರೆ ಏನೋ ಹುಡುಕಲು ಫಿಲ್ಟರಿನ ಲಾಗ್, ಅಂದರೆ ದಾಖಲೆ ಪುಸ್ತಕ, ತೆರೆದೆ. ರಾತ್ರಿ ಒಂದೂಕಾಲಿಗೆ ಒಂದು ಸಾಲು, ಒಂದು ಸಾಧನ, ಬ್ಲಾಕ್. ಎರಡು ನಿಮಿಷ ಬಿಟ್ಟು ಅದೇ ಸಾಧನದಿಂದ ಇನ್ನೊಂದು. ಆಮೇಲೆ ಇನ್ನೆರಡು. ನಾಲ್ಕೂ ಸಲ ಹೋಗಲು ನೋಡಿದ್ದು ಆತ್ಮಹತ್ಯೆ ತಡೆಯುವ ಸಹಾಯವಾಣಿಯ ಪುಟಕ್ಕೆ. ಸಹಾಯವಾಣಿಯೂ ಅದೇ ಕೆಟಗರಿಯಲ್ಲಿ ಸೇರಿಹೋಗಿತ್ತು. ಮಧ್ಯರಾತ್ರಿ ಯಾರೋ ಬಾಗಿಲು ಬಡಿದಿದ್ದಾರೆ, ನಾನು ಹಾಕಿದ ಟಿಕ್ ಅವರನ್ನು ನಾಲ್ಕು ಸಲ ವಾಪಸ್ ಕಳಿಸಿದೆ. ಕೈ ನಡುಗಿತು. ಆ ನಿಮಿಷವೇ ಪುಟ ತೆರೆದೆ, ಹಾಸ್ಟೆಲ್‌ನ ಆಪ್ತಸಮಾಲೋಚಕರಿಗೆ ಫೋನ್ ಮಾಡಿದೆ. ಅವರು ಯಾರನ್ನೂ ಬೊಟ್ಟು ಮಾಡದೆ ಅವತ್ತೇ ಎಲ್ಲ ಕೋಣೆಗಳಿಗೂ ಹೋಗಿ ಮಾತಾಡಿಸಿ ಬಂದರು. ಅದು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಅವತ್ತಿನಿಂದ ಯಾವ ಕೆಟಗರಿಗೆ ಟಿಕ್ ಹಾಕುವ ಮುಂಚೆಯೂ ಅದರೊಳಗೆ ಇನ್ನೇನೇನು ಸೇರಿದೆ ಅಂತ ನೋಡುತ್ತೇನೆ.

ಈಗ ನೀವು ಮಾಡಬೇಕಾದ್ದು. ಬ್ಲಾಕ್ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ, ಅದರಲ್ಲಿ ಕೆಟಗರಿ ಹೆಸರು ಸಾಮಾನ್ಯವಾಗಿ ಇರುತ್ತದೆ. ಪೂರ್ತಿ ವಿಳಾಸ, ದಿನ, ಹೊತ್ತು, ಯಾವ ಕೆಲಸಕ್ಕೆ ಬೇಕು, ಇಷ್ಟು ನಾಲ್ಕು ಸಾಲಿನಲ್ಲಿ ಬರೆದು ನಿಮ್ಮ ವಾರ್ಡಿನ ಮೇಲಿನವರ ಮೂಲಕ ಕಳಿಸಿ. ಎರಡು ಕೆಲಸ ಆಗಬೇಕು ಅಂತ ಕೇಳಿ. ಒಂದು, ಆ ಸೈಟನ್ನು ಈಗಲೇ ಅಲೋ ಲಿಸ್ಟಿಗೆ (ಬಿಡಬೇಕಾದ ಸೈಟುಗಳ ಪಟ್ಟಿಗೆ) ಸೇರಿಸುವುದು, ಇದು ಎರಡು ನಿಮಿಷದ ಕೆಲಸ. ಇನ್ನೊಂದು, ಫಿಲ್ಟರ್ ಕಂಪನಿಗೆ 'ಕೆಟಗರಿ ತಪ್ಪಾಗಿದೆ' ಅಂತ ಬರೆಯುವುದು, ಅದಕ್ಕೆ ಅವರ ಸೈಟಿನಲ್ಲೇ ಫಾರಂ ಇರುತ್ತದೆ. ಎರಡನೆಯದನ್ನು ಮಾಡಿದರೆ ನಿಮ್ಮಂಥ ಬೇರೆ ಎಷ್ಟೋ ಆಸ್ಪತ್ರೆಗಳ ನರ್ಸ್‌ಗಳಿಗೂ ಪುಟ ತೆರೆಯುತ್ತದೆ.

ಪ್ರಶ್ನೆ: ವಿಪಿಎನ್ ಹಾಕಿದರೆ ಎಲ್ಲ ತೆರೆಯುತ್ತದಲ್ಲ, ಇಷ್ಟೆಲ್ಲ ಯಾಕೆ?

ತೆರೆಯಬಹುದು. ವಿಪಿಎನ್ ಅಂದರೆ ನಿಮ್ಮ ಟ್ರಾಫಿಕನ್ನೆಲ್ಲ ಮುಚ್ಚಿ ಬೇರೆಯವರ ಸರ್ವರ್ ಮೂಲಕ ಕಳಿಸುವ ವ್ಯವಸ್ಥೆ. ಆದರೆ ವಿಪಿಎನ್ ಓಡುತ್ತಿದೆ ಅನ್ನುವುದು ಫೈರ್‌ವಾಲ್‌ಗೆ ಬಹುತೇಕ ಗೊತ್ತಾಗುತ್ತದೆ, ಒಳಗೆ ಏನಿದೆ ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ. ಸಂಸ್ಥೆಯ ನಿಯಮದಲ್ಲಿ ಬೇಡ ಅಂತಿದ್ದರೆ ಕೆಲಸಕ್ಕೇ ಕುತ್ತು ಬರಬಹುದು. ಇನ್ನೊಂದು ಮಾತು, ಬಿಟ್ಟಿ ವಿಪಿಎನ್ ಹಾಕಿದರೆ ಐಟಿಯವರ ಬದಲು ಮುಖ ಪರಿಚಯವೇ ಇಲ್ಲದ ಯಾರೋ ನಿಮ್ಮ ಓಡಾಟ ನೋಡುತ್ತಾರೆ. ನಿಮ್ಮ ಸ್ವಂತ ವಿಷಯಕ್ಕೆ ನಿಮ್ಮ ಫೋನ್, ನಿಮ್ಮ ಡೇಟಾ. ಕೆಲಸಕ್ಕೆ ಬೇಕಾದ ಸೈಟಾದರೆ ಕೇಳಿ ತೆರೆಸಿಕೊಳ್ಳಿ. ಆಫೀಸ್ ಲ್ಯಾಪ್‌ಟಾಪ್ ಮನೆಗೆ ತಂದರೂ ಬ್ಲಾಕ್ ಬರುತ್ತದೆ ಅಂತ ಇನ್ನಿಬ್ಬರು ಬರೆದಿದ್ದಾರೆ. ಅದಕ್ಕೆ ಕಾರಣ ಲ್ಯಾಪ್‌ಟಾಪಿನೊಳಗೇ ಹಾಕಿರುವ ಏಜೆಂಟ್ ತಂತ್ರಾಂಶ. ಅದು ಯಾವ ವೈಫೈಗೆ ಹೋದರೂ ಜೊತೆಗೇ ಬರುತ್ತದೆ.

ಪ್ರಶ್ನೆ: ನಮ್ಮದು ಸಣ್ಣ ಶಾಲೆ, ನಲವತ್ತು ಕಂಪ್ಯೂಟರ್. ನಾನು ಗಣಿತ ಮೇಷ್ಟ್ರು, ನೆಟ್‌ವರ್ಕ್ ಕೂಡ ನನ್ನ ತಲೆಗೇ ಬಂದಿದೆ. ದೊಡ್ಡ ಫೈರ್‌ವಾಲ್ ಕೊಳ್ಳುವ ಶಕ್ತಿ ಇಲ್ಲ. ಎಲ್ಲಿಂದ ಶುರು ಮಾಡಲಿ?

ಡಿಎನ್ಎಸ್‌ನಿಂದ ಶುರು ಮಾಡಿ ಮೇಷ್ಟ್ರೇ. ರೂಟರಿನಲ್ಲಿ ಡಿಎನ್ಎಸ್ ಅನ್ನುವ ಜಾಗದಲ್ಲಿ 1.1.1.3 ಹಾಕಿದರೆ ವೈರಸ್ ಸೈಟು, ಅಶ್ಲೀಲ ಸೈಟು ಎರಡೂ ನಿಲ್ಲುತ್ತವೆ. ಬರೀ ವೈರಸ್, ಮೋಸದ ಸೈಟು ಸಾಕು ಅಂದರೆ 9.9.9.9 ಇದೆ, ಕ್ವಾಡ್9 ಅನ್ನುವ ಲಾಭದ ಉದ್ದೇಶವಿಲ್ಲದ ಸಂಸ್ಥೆಯದ್ದು. ಎರಡೂ ಉಚಿತ. ಯಾವ ಸೈಟ್ ತೆರೆಯಬೇಕು, ಮುಚ್ಚಬೇಕು ಅಂತ ನೀವೇ ಪಟ್ಟಿ ಇಟ್ಟುಕೊಳ್ಳಬೇಕಾದರೆ ಹಳೆಯ ಕಂಪ್ಯೂಟರಿನಲ್ಲಿ ಪೈ-ಹೋಲ್ ಅನ್ನುವ ಡಿಎನ್ಎಸ್ ಫಿಲ್ಟರ್ ತಂತ್ರಾಂಶ ಹಾಕಿ.

ಅಷ್ಟಕ್ಕೇ ಬಿಟ್ಟರೆ ಮಕ್ಕಳು ಕಂಪ್ಯೂಟರಿನಲ್ಲಿ ಡಿಎನ್ಎಸ್ ಬದಲಿಸಿ ಹೋಗುತ್ತಾರೆ. ಹಾಗಾಗಿ ರೂಟರಿನಲ್ಲಿ ಡಿಎನ್ಎಸ್ ಪ್ರಶ್ನೆ ಹೋಗುವ 53 ಮತ್ತು 853ನೇ ಪೋರ್ಟ್ (ಟ್ರಾಫಿಕ್ ಹೋಗುವ ನಂಬರಿನ ಬಾಗಿಲು) ಹೊರಗೆ ಹೋಗದ ಹಾಗೆ ಮುಚ್ಚಿ, ನೀವು ಆರಿಸಿದ ಡಿಎನ್ಎಸ್‌ಗೆ ಮಾತ್ರ ಬಿಡಿ. ಬ್ರೌಸರ್‌ಗಳು ಡಿಎನ್ಎಸ್ ಪ್ರಶ್ನೆಯನ್ನು 443ನೇ ಪೋರ್ಟಿನಲ್ಲಿ ಮಾಮೂಲಿ ವೆಬ್ ಟ್ರಾಫಿಕ್ ಜೊತೆ ಮುಚ್ಚಿ ಕಳಿಸುವ ವಿಧಾನವೂ ಇದೆ, ಡಿಒಎಚ್ ಅಂತ, 2018ರಲ್ಲಿ ಬಂದದ್ದು. ಅದನ್ನು ಪೋರ್ಟ್ ಮುಚ್ಚಿ ನಿಲ್ಲಿಸಲು ಆಗುವುದಿಲ್ಲ. ಶಾಲೆಯ ಕಂಪ್ಯೂಟರುಗಳ ಬ್ರೌಸರ್ ಪಾಲಿಸಿಯಲ್ಲೇ ಅದನ್ನು ಆಫ್ ಮಾಡಿ.

ಗೂಗಲ್ ಹುಡುಕಾಟಕ್ಕೆ ಅಶ್ಲೀಲ ಫಲಿತಾಂಶ ಮುಚ್ಚುವ ಸೇಫ್‌ಸರ್ಚ್ ಕಡ್ಡಾಯ ಮಾಡಲು ಸರ್ಟಿಫಿಕೇಟ್ ಗೋಜೇ ಬೇಡ. 1.1.1.3 ಅದನ್ನೂ ತಾನೇ ನೋಡಿಕೊಳ್ಳುತ್ತದೆ. ನಿಮ್ಮದೇ ಡಿಎನ್ಎಸ್ ಇದ್ದರೆ ಗೂಗಲ್ ಹೆಸರು ಕೇಳಿದಾಗ ಫೋರ್ಸ್‌ಸೇಫ್‌ಸರ್ಚ್ ಡಾಟ್ ಗೂಗಲ್ ಡಾಟ್ ಕಾಮ್ ಕಡೆಗೆ ತಿರುಗಿಸಿದರೆ ಆಯಿತು. ಯೂಟ್ಯೂಬ್‌ಗೂ ಇಂಥದ್ದೇ ಎರಡು ಹೆಸರಿವೆ, ಒಂದು ಬಿಗಿ, ಒಂದು ಸಡಿಲ. ಬಿಗಿಯದ್ದು ಹಾಕಿದರೆ ಪಾಠದ ವಿಡಿಯೊಗಳೂ ಕೆಲವು ಹೋಗುತ್ತವೆ, ಸಡಿಲದ್ದರಿಂದ ಶುರು ಮಾಡಿ.

ಇನ್ನು ಬ್ಲಾಕ್ ಪುಟ. ಎಲ್ಲರೂ ಕೊನೆಗೆ ಬಿಡುವುದು ಇದನ್ನೇ, ನನಗೆ ಮಾತ್ರ ಇದು ಫಿಲ್ಟರಿನಷ್ಟೇ ಮುಖ್ಯ. ಡಿಎನ್ಎಸ್‌ನಿಂದ ತಡೆದಾಗ ಚೆಂದದ ಬ್ಲಾಕ್ ಪುಟ ಬರುವುದಿಲ್ಲ. ನಿಮ್ಮ ಹತ್ತಿರ ಆ ಸೈಟಿನ ಸರ್ಟಿಫಿಕೇಟ್ ಇಲ್ಲವಲ್ಲ, ಹಾಗಾಗಿ ಬ್ರೌಸರ್ 'ಈ ಸೈಟಿಗೆ ತಲುಪಲು ಆಗುತ್ತಿಲ್ಲ' ಅಂತಲೋ, ಸಂಪರ್ಕ ಸುರಕ್ಷಿತವಲ್ಲ ಅಂತಲೋ ಕೆಂಪು ಪುಟ ತೋರಿಸುತ್ತದೆ. ಮಕ್ಕಳು, ಟೀಚರ್‌ಗಳು ನೆಟ್ ಹೋಗಿದೆ ಅಂದುಕೊಳ್ಳುತ್ತಾರೆ. ಬೇಕಾದ ಸೈಟ್ ಬ್ಲಾಕ್ ಆಗಿದ್ದರೂ ಯಾರೂ ಬಂದು ಹೇಳುವುದಿಲ್ಲ, ತಪ್ಪು ನಿಮ್ಮ ಕಿವಿಗೆ ಬೀಳುವುದೇ ಇಲ್ಲ. ಅದಕ್ಕೆ ಒಂದು ಹಾಳೆ ಪ್ರಿಂಟ್ ಮಾಡಿ ಲ್ಯಾಬಿನ ಗೋಡೆಗೆ ಅಂಟಿಸಿ, ಸ್ಟಾಫ್ ರೂಮಿಗೂ ಒಂದು. ಅದರಲ್ಲಿ ಇಷ್ಟು ಬರೆದರೆ ಸಾಕು:

'ಈ ಶಾಲೆಯಲ್ಲಿ ಕೆಲವು ಸೈಟುಗಳನ್ನು ತಡೆದಿದ್ದೇವೆ. ಪಾಠಕ್ಕೆ ಬೇಕಾದ ಸೈಟ್ ತೆರೆಯದಿದ್ದರೆ ಅದು ನಮ್ಮ ತಪ್ಪಿರಬಹುದು. ಸೈಟಿನ ಹೆಸರು ಚೀಟಿಯಲ್ಲಿ ಬರೆದು ಈ ಡಬ್ಬಿಗೆ ಹಾಕಿ. ನಿಮ್ಮ ಹೆಸರು ಬರೆಯಬೇಕಾಗಿಲ್ಲ. ನಾಳೆ ಮಧ್ಯಾಹ್ನದೊಳಗೆ ನೋಡುತ್ತೇವೆ.'

ಡಬ್ಬಿಯನ್ನು ದಿನಾ ತೆರೆಯಿರಿ ಮೇಷ್ಟ್ರೇ. ಮೊದಲ ವಾರ ಜಾಸ್ತಿ ಚೀಟಿ ಬರುತ್ತವೆ, ಆಮೇಲೆ ಕಡಿಮೆಯಾಗುತ್ತವೆ.